ಕಿವಿಗೆ ಎಟಕುವ ಲೆಕ್ಕದ ಹಾಳೆ

ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ಅದರ ಏಜೆಂಟರು ಮನೆ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಎರಡಾಣೆಯಾದರೂ ಲೆಡ್ಜರಿನಲ್ಲಿ ಅದಕ್ಕೊಂದು ಸಾಲು ಬೇಕೇ ಬೇಕು. ಉಡುಪಿ ಹಾಗೆ ಲೆಕ್ಕ ಬರೆದೇ ಬೆಳೆದ ಸೀಮೆ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಇಲ್ಲಿ ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕಾಯಿತು. 1925ರಲ್ಲಿ ಉಪೇಂದ್ರ ಪೈ, ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ ಶುರು ಮಾಡಿದ್ದು ಸಿಂಡಿಕೇಟ್ ಬ್ಯಾಂಕಾಯಿತು. 2020ರ ಏಪ್ರಿಲ್ 1ರಂದು ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಕೆಂಪು ರಟ್ಟಿನ ದಪ್ಪ ಪುಸ್ತಕಗಳು ಅದಕ್ಕೂ ಮೊದಲೇ ಮೂಲೆ ಸೇರಿದ್ದವು. ಈಗ ಕಾರ್ಕಳದ ಗೇರುಬೀಜ ಕಾರ್ಖಾನೆಯ ಹಾಜರಿಯಿರಲಿ, ಕಾಪುವಿನ ಸಹಕಾರಿ ಸಂಘದ ಸಾಲದ ಕಂತಿರಲಿ, ಮಣಿಪಾಲದ ಕಾಲೇಜಿನ ಅಂಕಪಟ್ಟಿಯಿರಲಿ, ಎಲ್ಲಕ್ಕೂ ಎಕ್ಸೆಲ್ ಹಾಳೆ.

ಆ ಹಾಳೆಯನ್ನು ಕಣ್ಣು ಕಾಣದವರು ತುಂಬಬಲ್ಲರೇ? ತುಂಬಬಲ್ಲರು, ಕೂಡಿಸಬಲ್ಲರು, ತಾಳೆ ನೋಡಿ ತಪ್ಪು ಹಿಡಿಯಬಲ್ಲರು. ತೊಡಕು ಹೆಚ್ಚಾಗಿ ಬರುವುದು ಹಾಳೆಯನ್ನು ಮಾಡಿಕೊಟ್ಟವರ ಕಡೆಯಿಂದ.

ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಮೌಸ್ ಬೇಕಿಲ್ಲ, ಕೆಲಸವೆಲ್ಲ ಕೀಬೋರ್ಡಿನಲ್ಲೇ. ಶಂಕರಪುರದ ಮಲ್ಲಿಗೆ ಲೆಕ್ಕವನ್ನೇ ತೆಗೆದುಕೊಳ್ಳೋಣ. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಯ ದರ ದಿನವೂ ಬೇರೆ. ಎ ಕಾಲಂನಲ್ಲಿ ದಿನಾಂಕ, ಬಿಯಲ್ಲಿ ಎಷ್ಟು ಚೆಂಡು, ಸಿಯಲ್ಲಿ ಅಂದಿನ ದರ, ಡಿಯಲ್ಲಿ ಮೊತ್ತ. ಆರು ಚೆಂಡು ಹೂ ಕೊಟ್ಟ ದಿನ ಅಟ್ಟೆಗೆ 800 ರೂಪಾಯಿ ಇತ್ತು ಅಂತಿಟ್ಟುಕೊಳ್ಳಿ. ಬಾಣದ ಕೀಲಿ ಒತ್ತಿ ಡಿ ಕಾಲಂಗೆ ಬಂದರೆ ಇಯರ್‌ಫೋನಿನಲ್ಲಿ ಕೇಳಿಸುವುದು ಇಷ್ಟು: 1200, ಫಾರ್ಮುಲಾ ಇದೆ, ಡಿ 2.

ನಡುವಿನ ಆ ಎರಡು ಪದಗಳಿಗೆ ಬೆಲೆಯಿದೆ. ಯಾರೋ ಅವಸರದಲ್ಲಿ ಫಾರ್ಮುಲಾ ಅಳಿಸಿ ಮೊತ್ತವನ್ನು ಕೈಯಲ್ಲೇ ಟೈಪ್ ಮಾಡಿದ್ದರೆ ಹಾಳೆಯ ಮೇಲೆ ಕಣ್ಣಾಡಿಸುವವರಿಗೆ ವ್ಯತ್ಯಾಸ ಕಾಣುವುದಿಲ್ಲ. 1200 ಎಂದಿದ್ದರೆ 1200 ಅಷ್ಟೆ. ಕೇಳುವವರಿಗೆ ಮಾತ್ರ ಆ ಸಾಲಿಗೆ ಬಂದ ಕೂಡಲೇ ತಿಳಿಯುತ್ತದೆ.

ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲು, 16,384 ಕಾಲಂ. ಇದರಲ್ಲಿ ಒಂದೊಂದೇ ಸೆಲ್ ಕೇಳುತ್ತ ಹೋದರೆ ಆಯುಷ್ಯ ಸಾಲದು. ಅದಕ್ಕೇ ಪಳಗಿದವರು ಜಿಗಿಯುತ್ತಾರೆ. ಕಂಟ್ರೋಲ್ ಜೊತೆ ಕೆಳಬಾಣ ಒತ್ತಿದರೆ ತುಂಬಿದ ಕಾಲಂನ ಕೊನೆ, ಕಂಟ್ರೋಲ್ ಜೊತೆ ಹೋಮ್ ಒತ್ತಿದರೆ ಹಾಳೆಯ ತಲೆ. ಎಫ್5 ಒತ್ತಿ ಸೆಲ್ಲಿನ ವಿಳಾಸ ಟೈಪ್ ಮಾಡಿದರೆ ನೇರ ಅಲ್ಲಿಗೆ. ಆಲ್ಟ್ ಹಿಡಿದು ಸಮ ಚಿಹ್ನೆ ಒತ್ತಿದರೆ ಮೊತ್ತದ ಫಾರ್ಮುಲಾ ಸಿದ್ಧ. ಇವೆಲ್ಲ ಎಲ್ಲರಿಗೂ ಇರುವ ಕೀಲಿಗಳೇ.

ಆದರೆ ಮುನ್ನೂರನೇ ಸಾಲಿನಲ್ಲಿ ನಿಂತಾಗ ಬರೀ 800 ಎಂದು ಕೇಳಿದರೆ ಅದು ದರವೋ ಮೊತ್ತವೋ ಹೇಗೆ ಗೊತ್ತಾಗಬೇಕು? ಕಣ್ಣಿದ್ದವರು ತಲೆಬರಹದತ್ತ ಒಮ್ಮೆ ನೋಡಿಬಿಡುತ್ತಾರೆ. ಇದಕ್ಕೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ ಒಳ್ಳೆಯ ದಾರಿಯಿದೆ. ತಲೆಬರಹದ ಮೊದಲ ಸೆಲ್ಲಿನಲ್ಲಿ ನಿಂತು ಇನ್ಸರ್ಟ್, ಶಿಫ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕು, ಆಮೇಲೆ ಪಕ್ಕದ ಕಾಲಂಗೆ ಸರಿದಾಗೆಲ್ಲ ‘ದರ’, ‘ಮೊತ್ತ’ ಎಂದು ಹೆಸರು ಹಿಡಿದೇ ಓದುತ್ತದೆ. ಈ ಗುರುತು ಫೈಲಿನೊಳಗೇ ಉಳಿಯುತ್ತದೆ. ಒಬ್ಬರು ಮಾಡಿಟ್ಟರೆ ಮುಂದೆ ಅದೇ ಫೈಲ್ ತೆರೆದವರು ಮತ್ತೆ ಮಾಡಬೇಕಿಲ್ಲ.

ಎನ್‌ವಿಡಿಎ ಉಚಿತ. 2006ರಲ್ಲಿ ಅದನ್ನು ಬರೆಯಲು ಕೂತ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರೂ ಜೊತೆಗೂಡಿದ ಜೇಮ್ಸ್ ಟೆಹ್ ಅವರೂ ಅಂಧರು. ದುಬಾರಿ ಬೆಲೆಯ ಇನ್ನೊಂದು ಸ್ಕ್ರೀನ್ ರೀಡರ್ ಜಾಸ್ ಅನ್ನು ರೂಪಿಸಿದ ಟೆಡ್ ಹೆಂಟರ್, ಮೋಟಾರ್‌ಸೈಕಲ್ ರೇಸಿನಲ್ಲಿದ್ದವರು, 1978ರ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡರು. ಬೇಕಾದವರೇ ಕಟ್ಟಿಕೊಂಡ ಸಾಧನಗಳಿವು. ಕರ್ನಾಟಕದಲ್ಲಿಯೂ ಅಂಥ ಕಥೆಯಿದೆ. ತಮ್ಮನಿಗೆ ದೃಷ್ಟಿ ಹೋದದ್ದನ್ನು ಹತ್ತಿರದಿಂದ ಕಂಡ ಶಾಂತಿ ರಾಘವನ್, ದೀಪೇಶ್ ಸುತಾರಿಯಾ ಅವರೊಡನೆ 1999ರಲ್ಲಿ ಬೆಂಗಳೂರಿನಲ್ಲಿ ಎನೇಬಲ್ ಇಂಡಿಯಾ ಶುರು ಮಾಡಿದರು. ಅಂಗವಿಕಲರನ್ನು ಕೆಲಸಕ್ಕೆ ತಯಾರು ಮಾಡುವ ಈ ಸಂಸ್ಥೆ ಅಂಧರಿಗೆ ಕಂಪ್ಯೂಟರ್ ತರಬೇತಿ ಕೊಡುತ್ತ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4 ಮೀಸಲಿಟ್ಟಿದೆ, ಅದರಲ್ಲಿ ಶೇ. 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಹಾಗೆ ಕಚೇರಿಗೆ ಬಂದವರ ಮೇಜಿನ ಮೇಲೆ ಮೊದಲ ದಿನವೇ ಬಂದು ಬೀಳುವುದು ಇಂಥದ್ದೇ ಒಂದು ಹಾಳೆ.

ಆ ಹಾಳೆ ಹೇಗಿರುತ್ತದೆ? ಮೇಲೆ ಐದಾರು ಸೆಲ್ ಒಂದುಗೂಡಿಸಿ ಸಂಘದ ಹೆಸರು. ಅದರ ಕೆಳಗೆ ಮತ್ತೆರಡು ಸೆಲ್ ಸೇರಿಸಿ ‘ಸಾಲ’, ಅದರಡಿ ‘ಅಸಲು’, ‘ಬಡ್ಡಿ’. ನೋಟಕ್ಕೆ ಚೆಂದ, ಕಿವಿಗೆ ಗೊಂದಲ. ಸೇರಿಸಿದ ಸೆಲ್ ಬಂದಲ್ಲಿ ತಲೆಬರಹ ಯಾವ ಕಾಲಂನದೆಂದು ತಿಳಿಯುವುದಿಲ್ಲ. ಹೆಸರು ನಡುವೆ ಬರಬೇಕೆಂದಿದ್ದರೆ ಫಾರ್ಮ್ಯಾಟ್ ಸೆಲ್ಸ್ ಒಳಗೆ ‘ಸೆಂಟರ್ ಅಕ್ರಾಸ್ ಸೆಲೆಕ್ಷನ್’ ಎಂಬುದಿದೆ. ನೋಟ ಅದೇ, ಸೆಲ್‌ಗಳು ಮಾತ್ರ ಬೇರೆ ಬೇರೆಯಾಗಿಯೇ ಉಳಿಯುತ್ತವೆ.

ಬಾಕಿದಾರರ ಹೆಸರಿಗೆ ಕೆಂಪು ಬಣ್ಣ ತುಂಬುವುದು ಇನ್ನೊಂದು ಅಭ್ಯಾಸ. ಸೆಟ್ಟಿಂಗ್ ಬದಲಿಸದಿದ್ದರೆ ಎನ್‌ವಿಡಿಎ ಬಣ್ಣವನ್ನು ತಾನಾಗಿ ಹೇಳುವುದಿಲ್ಲ. ಇನ್ಸರ್ಟ್ ಜೊತೆ ಎಫ್ ಒತ್ತಿ ಕೇಳಬೇಕು. ನಾನೂರು ಸದಸ್ಯರ ಪಟ್ಟಿಯಲ್ಲಿ ನಾನೂರು ಸಲ ಕೇಳುವುದುಂಟೇ? ಪಕ್ಕದಲ್ಲಿ ‘ಬಾಕಿ’ ಎಂದು ಬರೆಯಲು ಇನ್ನೊಂದು ಕಾಲಂ ಇದ್ದರೆ ಫಿಲ್ಟರ್ ಹಾಕಿ ಎಲ್ಲರಿಗಿಂತ ಮೊದಲು ಪಟ್ಟಿ ಕೊಡುವವರು ಕಣ್ಣು ಕಾಣದ ನೌಕರರೇ. ಅಂದಕ್ಕೆಂದು ನಡುವೆ ಬಿಟ್ಟ ಖಾಲಿ ಸಾಲಂತೂ ಅಪಾಯ. ಕಂಟ್ರೋಲ್ ಜೊತೆ ಕೆಳಬಾಣ ಒತ್ತಿದವರು ಆ ಸಾಲಿಗೆ ಮೊದಲೇ ನಿಂತು ಲೆಕ್ಕ ಮುಗಿಯಿತೆಂದುಕೊಳ್ಳುತ್ತಾರೆ. ಹಾಳೆಯ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಅಲ್ಲಿ ಸೆಲ್ಲೂ ಇಲ್ಲ, ಸಾಲೂ ಇಲ್ಲ.

ಕನ್ನಡದ್ದೇ ಆದ ಸಂಕಟವೊಂದಿದೆ, ಅದು ಇವೆಲ್ಲಕ್ಕಿಂತ ದೊಡ್ಡದು. ನಮ್ಮ ಕಚೇರಿಗಳ ಹಳೆಯ ಪಟ್ಟಿಗಳು ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಜಾಗತಿಕ ಸಂಕೇತ) ಅಲ್ಲದ ಫಾಂಟುಗಳಲ್ಲಿವೆ. ಅವು ಕನ್ನಡದಂತೆ ಕಾಣುತ್ತವೆ, ಒಳಗಿರುವುದು ಬೇರೆ. ಹಳೆಯ ನುಡಿಯಲ್ಲಿ ‘ಕ’ ಅಕ್ಷರದ ಹಿಂದೆ ಇಂಗ್ಲಿಷಿನ ಪಿ ಇರುತ್ತದೆ, ‘ನ’ ಅಕ್ಷರದ ಹಿಂದೆ ಬ್ರಿಟನ್ನಿನ ಪೌಂಡ್ ಚಿಹ್ನೆ. ಸ್ಕ್ರೀನ್ ರೀಡರ್‌ಗೆ ಸಿಗುವುದು ಒಳಗಿನದೇ ಆದ್ದರಿಂದ ಸದಸ್ಯರ ಹೆಸರಿನ ಜಾಗದಲ್ಲಿ ಪಿ, ಪೌಂಡ್ ಎಂದೇನೋ ಕೇಳುತ್ತದೆ. ಕನ್ನಡ ಓದುವ ಧ್ವನಿ ಇಲ್ಲವೆಂದಲ್ಲ. ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್‌ನಲ್ಲಿ ಕನ್ನಡವಿದೆ. ಸ್ವರ ಯಂತ್ರದ್ದೇ ಆದರೂ ಯೂನಿಕೋಡಿನಲ್ಲಿ ಬರೆದದ್ದನ್ನು ಅರ್ಥವಾಗುವಂತೆ ಓದುತ್ತದೆ. 1991ರಿಂದಲೂ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗವಿದೆ. ಇಷ್ಟು ವರ್ಷಗಳ ಮೇಲೂ ಒಬ್ಬ ನೌಕರ ತನ್ನ ಭಾಷೆಯ ಹೆಸರುಗಳನ್ನು ತನ್ನ ಕಚೇರಿಯ ಫೈಲಿನಲ್ಲೇ ಓದಲಾರದೆ ಕೂರಬೇಕಾದದ್ದು ಅನ್ಯಾಯ, ಅದನ್ನು ಹಾಗೆಂದೇ ಕರೆಯಬೇಕು.

ಫೈಲ್ ಕಳಿಸುವ ಮೊದಲು ಎಕ್ಸೆಲ್‌ನ ರಿವ್ಯೂ ಟ್ಯಾಬಿನಲ್ಲಿ ‘ಚೆಕ್ ಆಕ್ಸೆಸಿಬಿಲಿಟಿ’ ಒತ್ತಿದರೆ ಸೇರಿಸಿದ ಸೆಲ್‌ಗಳನ್ನೂ ವಿವರಣೆಯಿಲ್ಲದ ಚಿತ್ರಗಳನ್ನೂ ಅದೇ ಹುಡುಕಿ ತೋರಿಸುತ್ತದೆ. ಹಳೆಯ ಫಾಂಟನ್ನು ಮಾತ್ರ ಅದು ಹಿಡಿಯದು. ಅದಕ್ಕೆ ಹೆಸರುಗಳ ಕಾಲಂ ಆರಿಸಿ ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಬೇಕು. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಮೇಲೆದ್ದರೆ ಆ ಕಾಲಂ ಅನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗೆ ಹಾಕಿ, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ, ಆಮೇಲೆ ಕಳಿಸಬೇಕು.