ನೆಕ್ಸ್ಟ್, ನೆಕ್ಸ್ಟ್, ಫಿನಿಶ್: ಆ ಬಟನ್ ಅಲ್ಲೇ ಯಾಕಿದೆ?

ಇವತ್ತು ಒಂದು ಬಟನ್ ಬಗ್ಗೆ ಮಾತಾಡೋಣ. ಫೋನ್‌ನಲ್ಲಿ ಆಪ್ ಹಾಕೋಕೆ 'ಇನ್‌ಸ್ಟಾಲ್' ಒತ್ತಿದರೆ ಮುಗೀತು. ವಿಂಡೋಸ್ ಕಂಪ್ಯೂಟರ್‌ನಲ್ಲಿ ಸೆಟಪ್ ಫೈಲ್ ತೆರೆದರೆ ಒಂದಾದ ಮೇಲೊಂದು ಪುಟ ಬರುತ್ತೆ. ಕೆಳಗೆ ಬಲಗಡೆ ಬ್ಯಾಕ್, ನೆಕ್ಸ್ಟ್, ಆಮೇಲೆ ಸ್ವಲ್ಪ ಜಾಗ ಬಿಟ್ಟು ಕ್ಯಾನ್ಸಲ್.

ಆ ಜಾಗ ಸುಮ್ಮನೆ ಬಿಟ್ಟಿದ್ದಲ್ಲ. ಬ್ಯಾಕ್, ನೆಕ್ಸ್ಟ್ ಎರಡೂ ಪುಟದಿಂದ ಪುಟಕ್ಕೆ ಓಡಾಡೋಕೆ ಇರುವಂಥವು, ಹಾಗಾಗಿ ಅಂಟಿಕೊಂಡಿರುತ್ತವೆ. ಕ್ಯಾನ್ಸಲ್ ಒತ್ತಿದರೆ ಇಡೀ ಕೆಲಸವೇ ನಿಲ್ಲುತ್ತೆ, ಅದಕ್ಕೇ ದೂರ. ಮೊದಲ ಪುಟದಲ್ಲಿ ಬ್ಯಾಕ್ ಮಸುಕಾಗಿರುತ್ತೆ ಇಲ್ಲವೇ ಕಾಣಿಸೋದೇ ಇಲ್ಲ. ಆದರೂ ನೆಕ್ಸ್ಟ್ ತನ್ನ ಜಾಗದಿಂದ ಕದಲಲ್ಲ. ಮೌಸ್ ಹಿಡಿದು ಹುಡುಕಾಡೋ ಕೆಲಸ ಇಲ್ಲ.

ತೊಂದರೆ ಶುರುವಾಗೋದೂ ಇಲ್ಲೇ. ಕೈಗೆ ಜಾಗ ಗೊತ್ತಾದ ಮೇಲೆ ಕಣ್ಣು ಓದೋದನ್ನ ಬಿಡುತ್ತೆ. ಜಾವಾ ಇನ್‌ಸ್ಟಾಲರ್ ಜತೆ ವರ್ಷಗಟ್ಟಲೆ ಆಸ್ಕ್ ಟೂಲ್‌ಬಾರ್ ಬರ್ತಿತ್ತು. ಟಿಕ್ ಮೊದಲೇ ಹಾಕಿರುತ್ತಿದ್ದರು. ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತಿದವರ ಬ್ರೌಸರ್‌ನಲ್ಲಿ ಅದು ಬಂದು ಕೂತಿತು. ನಮ್ಮ ಏರಿಯಾದ ಜೆರಾಕ್ಸ್ ಅಂಗಡಿ ಕಂಪ್ಯೂಟರ್‌ನಲ್ಲಿ ಇಂಥವು ಮೂರು ಸಾಲು ಇದ್ದವು, ಪಾಪ, ಅವರು ಯಾವುದನ್ನೂ ಕೇಳಿ ಹಾಕಿಸಿಕೊಂಡಿದ್ದಲ್ಲ.

ಇನ್ನೊಂದು ಆಟ ಇದಕ್ಕಿಂತ ಕಿಲಾಡಿ. ಮಧ್ಯದಲ್ಲಿ ಒಂದು ಆಫರ್ ಪುಟ. 'ಆಕ್ಸೆಪ್ಟ್' ದಪ್ಪಗೆ, ಬಣ್ಣದಲ್ಲಿ. 'ಡಿಕ್ಲೈನ್' ಬೂದು ಅಕ್ಷರದಲ್ಲಿ, ಮೂಲೆಯಲ್ಲಿ. ಬೇಡ ಅಂದ್ರೆ ನಮಗೆ ಬೇಕಾದ ಸಾಫ್ಟ್‌ವೇರೇ ಬರಲ್ವೇನೋ ಅಂತ ಹೆದರಿಕೆ! ಸಾಮಾನ್ಯವಾಗಿ ಅಲ್ಲಿ ಡಿಕ್ಲೈನ್ ಅಂದ್ರೆ ಆ ಬಿಟ್ಟಿ ಸಾಮಾನು ಬೇಡ ಅಂತ ಅಷ್ಟೇ, ಮುಖ್ಯ ಕೆಲಸ ಮುಂದುವರಿಯುತ್ತೆ. ಇಂಥ ಬಟನ್ ಚಮತ್ಕಾರಗಳಿಗೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರು. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ತಂದ ಮಾರ್ಗಸೂಚಿಯಲ್ಲಿ ಇವುಗಳ 13 ಬಗೆಗಳನ್ನ ಪಟ್ಟಿ ಮಾಡಿದೆ. ಒಂದನ್ನು ಎದ್ದು ಕಾಣಿಸಿ ಇನ್ನೊಂದನ್ನು ಮರೆಮಾಡೋದೂ ಅದರಲ್ಲಿದೆ.

ಹಾಗಂತ ಜನ ಓದಲಿ ಅಂತ ನೆಕ್ಸ್ಟ್‌ನ ಪುಟಕ್ಕೊಂದು ಕಡೆ ಇಟ್ಟರೆ? ಅಭ್ಯಾಸದ ಕೈ ಕ್ಯಾನ್ಸಲ್ ಒತ್ತಿಬಿಡುತ್ತೆ. ನನ್ನ ಪ್ರಕಾರ ಜಾಗ ಬದಲಾಗಬಾರದು, ಹೆಸರು ಬದಲಾಗಬೇಕು. ಇನ್ನೋ ಸೆಟಪ್ ಅನ್ನೋ ಉಪಕರಣದಲ್ಲಿ ಮಾಡಿದ ಇನ್‌ಸ್ಟಾಲರ್ ಗಮನಿಸಿ. ಪ್ರಶ್ನೆಗಳೆಲ್ಲ ಮುಗಿಯೋವರೆಗೂ ನೆಕ್ಸ್ಟ್. ಫೈಲ್‌ಗಳನ್ನ ಕಾಪಿ ಮಾಡೋಕೆ ಮುಂಚೆ ಅದೇ ಜಾಗದ ಬಟನ್ 'ಇನ್‌ಸ್ಟಾಲ್' ಆಗುತ್ತೆ, ಕೊನೆಗೆ 'ಫಿನಿಶ್'. ಒತ್ತಿದರೆ ಏನಾಗುತ್ತೆ ಅಂತ ಬಟನ್ನೇ ಹೇಳುತ್ತೆ.

ಕನ್ನಡದಲ್ಲಿ ಇಂಟರ್‌ಫೇಸ್ ಮಾಡೋರಿಗೆ ಇನ್ನೂ ಒಂದು ತಲೆನೋವಿದೆ. 'ಹಿಂದೆ', 'ಮುಂದೆ' ಅಕ್ಕಪಕ್ಕ ಬರೆದು ನೋಡಿ, ಮೊದಲ ಅಕ್ಷರ ಬಿಟ್ಟರೆ ಎರಡೂ ಒಂದೇ ಥರ. ಆತುರದಲ್ಲಿ ಗೊತ್ತೇ ಆಗಲ್ಲ. ಬಾಣದ ಗುರುತು ಬೇಕೇಬೇಕು. ಇನ್ನು ಇಂಗ್ಲಿಷ್ ಅಳತೆಗೆ ಮಾಡಿದ ಬಟನ್‌ನಲ್ಲಿ 'ಅನುಸ್ಥಾಪಿಸಿ' ಅಂತ ತುರುಕೋ ಬದಲು 'ಹಾಕಿ' ಅಂತಿದ್ದರೆ ಸಾಲದಾ? ಮಾತಲ್ಲಿ ನಾವು ಹೇಳೋದು ಅದನ್ನೇ ತಾನೆ, "ಆ ಸಾಫ್ಟ್‌ವೇರ್ ಸ್ವಲ್ಪ ಹಾಕಿಕೊಡಿ" ಅಂತ.