ಬೆಳ್ಗೊಳದ ಮಠದ ಚಿತ್ರಭಿತ್ತಿಯೂ ಗ್ರಂಥಭಂಡಾರದ ರಕ್ಷಣೆಯೂ

ಶ್ರವಣಬೆಳ್ಗೊಳಕ್ಕೆ ಯಾತ್ರೆ ಹೋಗತಕ್ಕವರಲ್ಲಿ ಬಹುಮಂದಿ ದೊಡ್ಡಬೆಟ್ಟವನ್ನೇರಿ ಗೊಮ್ಮಟೇಶ್ವರನ ದರ್ಶನವನ್ನು ಮಾಡಿ, ಕಾಲಾವಕಾಶವಿದ್ದಲ್ಲಿ ಚಿಕ್ಕಬೆಟ್ಟದ ಬಸದಿಗಳನ್ನೂ ನೋಡಿಕೊಂಡು ಹಿಂದಿರುಗುವರು. ಊರೊಳಗಣ ಜೈನಮಠವನ್ನು ಹೊಕ್ಕು ಅಲ್ಲಿಯ ಗೋಡೆಗಳ ಮುಂದೆ ಅರೆಗಳಿಗೆ ನಿಲ್ಲುವವರು ವಿರಳ. ಶಾಸನಗಳ ಭಾಗ್ಯವೇ ಬೇರೆ. 1889ರಲ್ಲಿ ರೈಸ್ ಸಾಹೇಬರು ಇಲ್ಲಿಯ 144 ಶಾಸನಗಳನ್ನು ಪ್ರಕಟಿಸಿದರು; 1923ರಲ್ಲಿ ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ಆ ಸಂಪುಟವನ್ನು ಪರಿಷ್ಕರಿಸಿ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಕಲ್ಲು ತಾನಾಗಿಯೇ ಬಾಳುವುದು. ಗಾರೆಯ ಮೇಲಣ ಬಣ್ಣವೂ ತಾಳೆಯ ಗರಿಯೂ ಹಾಗಲ್ಲ; ಅವು ಬಾಳಬೇಕಾದರೆ ದಿನದಿನವೂ ಒಬ್ಬನು ನೋಡಿಕೊಳ್ಳುತ್ತಿರಬೇಕು.

ಮಠವು ನಡುವೆ ತೆರೆದ ಅಂಗಳವುಳ್ಳ ಕಟ್ಟಡ. ಕೆತ್ತನೆಯ ಕಂಬಗಳ ಮಂಟಪ, ಅದರೊಳಗೆ ಲೋಹಬಿಂಬಗಳಿಂದ ತುಂಬಿದ ಗರ್ಭಗೃಹಗಳು, ಸುತ್ತಲೂ ಚಿತ್ರಗಳು. ನರಸಿಂಹಾಚಾರ್ಯರು ಮೇಲ್ಕಂಡ ಸಂಪುಟದಲ್ಲಿ ಇವನ್ನು ಸಂಗ್ರಹವಾಗಿ ವರ್ಣಿಸಿರುವರು. ಪಂಚಪರಮೇಷ್ಠಿಗಳೂ, ಯಕ್ಷಯಕ್ಷಿಯರೊಡನೆ ನೇಮಿನಾಥನೂ, ಪಾರ್ಶ್ವನಾಥನ ಸಮವಸರಣವೂ, ಭರತಚಕ್ರವರ್ತಿಯ ಮತ್ತು ನಾಗಕುಮಾರನ ಕಥೆಗಳೂ, ಇವುಗಳ ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರವರ ದಸರಾ ದರ್ಬಾರೂ ಇಲ್ಲಿರುವುವು. ಒಡೆಯರವರು ಪಟ್ಟವೇರಿದುದು 1799ರಲ್ಲಿ, ದೈವಾಧೀನರಾದುದು 1868ರಲ್ಲಿ. ಆದಕಾರಣ ಆ ಫಲಕವಾದರೂ 1799ಕ್ಕೆ ಹಿಂದಿನದಾಗಲಾರದು.

ಈ ಚಿತ್ರಗಳೊಳಗೆ ಸಾಹಿತ್ಯಾಧ್ಯಾಪಕರು ವಿಶೇಷವಾಗಿ ಗಮನಿಸತಕ್ಕದ್ದು ಷಡ್‌ಲೇಶ್ಯಾವೃಕ್ಷ. ಕಾಡಿನಲ್ಲಿ ಒಂದು ಫಲಭರಿತವಾದ ಮರ. ಹಣ್ಣನ್ನು ಬಯಸಿ ಬಂದ ಆರು ಮಂದಿ ಪುರುಷರು. ನೋಡುವವರು ಇದನ್ನು ವಿನೋದಚಿತ್ರವೆಂದು ಭಾವಿಸಿ ನಕ್ಕು ಮುಂದೆ ಹೋಗುವುದನ್ನು ನಾನು ಕಂಡಿದ್ದೇನೆ. ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಈ ದೃಷ್ಟಾಂತವು ಬಂದಿರುವುದು. ದಾರಿತಪ್ಪಿದ ಆರು ಪಥಿಕರಲ್ಲಿ ಒಬ್ಬನು ಹಣ್ಣಿಗಾಗಿ ಮರವನ್ನು ಬೇರುಸಹಿತ ಕೀಳಬೇಕೆನ್ನುವನು, ಎರಡನೆಯವನು ಕಾಂಡವನ್ನು ಕಡಿಯೋಣವೆನ್ನುವನು, ಮೂರನೆಯವನಿಗೆ ಹೆಗ್ಗೊಂಬೆಗಳು ಸಾಕು, ನಾಲ್ಕನೆಯವನಿಗೆ ಕಿರುಗೊಂಬೆಗಳು, ಐದನೆಯವನು ಹಣ್ಣುಗಳನ್ನು ಮಾತ್ರ ಕೊಯ್ಯುವನು, ಆರನೆಯವನು ತಾನಾಗಿ ನೆಲಕ್ಕೆ ಬಿದ್ದುದನ್ನು ಆಯ್ದುಕೊಳ್ಳುವನು. ಇವರ ಭಾವಗಳೇ ಕ್ರಮವಾಗಿ ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂಬ ಲೇಶ್ಯೆಗಳು. ಲೇಶ್ಯೆಯೆಂದರೆ ಜೀವಕ್ಕೆ ಕರ್ಮದ ಲೇಪ. ಪರಿಣಾಮವು ಆತ್ಮಕ್ಕೆ ಹಚ್ಚುವ ಬಣ್ಣ. ಈ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಹೀಗೆ ಬೆಳ್ಗೊಳದ ಕೀರ್ತಿಗೆ ಕಾರಣನಾದ ಚಾವುಂಡರಾಯನಿಗಾಗಿ ಹುಟ್ಟಿದ ಗಾಥೆಯೊಂದು, ಕನ್ನಡ ವ್ಯಾಖ್ಯಾನವನ್ನು ಹಾದು, ಅನೇಕ ಶತಮಾನಗಳ ತರುವಾಯ ಅದೇ ಬೆಳ್ಗೊಳದ ಗೋಡೆಯನ್ನೇರಿ ನಿಂತಿದೆ.

ಇನ್ನು ರಕ್ಷಣೆಯ ಮಾತು. ಇಂತಹ ಭಿತ್ತಿಗೆ ಶತ್ರುಗಳು ಹಲವರು. ತಳಪಾಯದಿಂದೇರುವ ತೇವವು ಉಪ್ಪನ್ನು ಹೊತ್ತು ತಂದು ಗಾರೆಯ ಮೇಲೆ ಹೂವಿನಂತೆ ಅರಳಿಸಿ ಬಣ್ಣವನ್ನು ಉದುರಿಸುವುದು. ದೀಪದ ಮಸಿಯೂ ಧೂಪದ ಹೊಗೆಯೂ ಪದರವಾಗಿ ಕುಳಿತುಕೊಳ್ಳುವುವು. ಭಕ್ತರ ಕೈ ಸೋಕಿ ಕೆಳಗಣ ಪಟ್ಟಿಯು ಸವೆಯುವುದು. ಇವೆಲ್ಲಕ್ಕಿಂತ ಘೋರವಾದುದು ಭಕ್ತಿಯಿಂದಲೇ ನಡೆಯುವ ಜೀರ್ಣೋದ್ಧಾರ. ಮಾಸಿದ ಚಿತ್ರಕ್ಕೆ ಡಬ್ಬದ ಬಣ್ಣವನ್ನು ಬಳಿಸಿ, ಮೇಲೆ ವಾರ್ನಿಷನ್ನು ಹಚ್ಚಿಸಿ, ಹೊಸದಾಯಿತೆಂದು ಸಂತೋಷಪಡುವ ಧರ್ಮದರ್ಶಿಗಳು ಎಲ್ಲ ಮತಗಳಲ್ಲಿಯೂ ಇರುವರು. ಲೇಶ್ಯಾವೃಕ್ಷದ ವಿಷಯದಲ್ಲಿ ಇದರಿಂದಾಗುವ ಕೇಡನ್ನು ಯೋಚಿಸಿರಿ. ಕಾಪೋತವೆಂದರೆ ಪಾರಿವಾಳದ ಬೂದುಬಣ್ಣ. ಮಸಿ ಹಿಡಿದ ಗೋಡೆಯಲ್ಲಿ ಅದು ನೀಲವೆಂದು ತೋರುವುದು ಸುಲಭ. ಬಣ್ಣದವನು ಅದನ್ನು ನೀಲಿಯಾಗಿಸಿದನೆಂದರೆ ಗೋಡೆಯ ಅಂದವು ಹೆಚ್ಚಿದರೂ ಹೆಚ್ಚಬಹುದು, ಆದರೆ ಶಾಸ್ತ್ರದಲ್ಲಿ ಒಂದು ಲೇಶ್ಯೆಯೇ ಲೋಪವಾಯಿತು. ಲೇಖಕಪ್ರಮಾದದಿಂದ ಒಂದು ಅಕ್ಷರ ಕೆಟ್ಟಲ್ಲಿ ಬೇರೊಂದು ಪ್ರತಿಯನ್ನು ನೋಡಿ ತಿದ್ದಿಕೊಳ್ಳಬಹುದು. ಗೋಡೆಗೆ ಪ್ರತ್ಯಂತರವೆಲ್ಲಿ? ಆದಕಾರಣ ಚಿತ್ರವನ್ನು ಶೋಧಿಸತಕ್ಕವನ ಪಕ್ಕದಲ್ಲಿ ಪಾಠಶೋಧನೆಯನ್ನು ಬಲ್ಲವನೊಬ್ಬನು ನಿಂತಿರುವುದು ಅತ್ಯಾವಶ್ಯಕ.

ಗ್ರಂಥಕ್ಕೂ ಅಲಂಕಾರಕ್ಕೂ ಇರುವ ಸಂಬಂಧವನ್ನು ಕುರಿತು ಫ್ರಾನ್ಸ್ ದೇಶದಲ್ಲಿಯೂ ವಿವಾದವುಂಟಾಗಿತ್ತು. ಮಂತ್ರಿಯಾಗಿದ್ದ ಕಾರ್ಡಿನಲ್ ಮಜಾರಿನ್ ಎಂಬಾತನು ಪ್ಯಾರಿಸ್ಸಿನ ತನ್ನ ಮಹಲಿನಲ್ಲಿ ಕೂಡಿಸಿದ ಪುಸ್ತಕಶಾಲೆಯನ್ನು 1643ರಲ್ಲಿ ವಿದ್ವಾಂಸರಿಗೆ ತೆರೆದನು. ಅದರ ಅಧಿಕಾರಿಯಾದ ಗೇಬ್ರಿಯಲ್ ನೋದೆಯು 1627ರಲ್ಲಿಯೇ ಗ್ರಂಥಾಲಯಗಳನ್ನು ಕುರಿತು ಒಂದು ಪುಸ್ತಕವನ್ನು ಬರೆದು, ಕಟ್ಟಡದ ಸೊಗಸಿಗೂ ಚಿನ್ನದ ಗೆರೆಗೂ ವ್ಯಯಿಸುವ ಹಣವನ್ನು ಪುಸ್ತಕಗಳಿಗೇ ವಿನಿಯೋಗಿಸಬೇಕೆಂಬ ಅಭಿಪ್ರಾಯವನ್ನು ಸೂಚಿಸಿದ್ದನು. ಆದರೂ ಅವನು ನೋಡಿಕೊಂಡ ಶಾಲೆಯು ಕೆತ್ತಿದ ಮರದ ಕಂಬಗಳ ಸಾಲಿನಿಂದ ಶೋಭಿಸುತ್ತಿತ್ತು. 1652ರ ದಂಗೆಯ ಕಾಲದಲ್ಲಿ ಪುಸ್ತಕಗಳು ಹರಾಜಾಗಿ ಚದರಿ, ಮರಳಿ ಸಂಗ್ರಹವಾದುವು. ಮಜಾರಿನನು ಕಾಲವಾದ ಮೇಲೆ ಪುಸ್ತಕಗಳನ್ನು ಸೇನ್ ನದಿಯ ಆಚೆಯ ವಿದ್ಯಾಶಾಲೆಗೆ ಸಾಗಿಸುವಾಗ, ಆ ಕಂಬಗಳನ್ನೂ ಕಪಾಟುಗಳನ್ನೂ ಕಳಚಿ ಒಡನೆಯೇ ಒಯ್ದು ಅಲ್ಲಿ ನಿಲ್ಲಿಸಿದರು. ಇಂದಿಗೂ ಓದುವವರು ಅವುಗಳ ನಡುವೆಯೇ ಕುಳಿತಿರುವರು. ಮರವನ್ನು ಕಳಚಬಹುದು, ಗಾರೆಯನ್ನು ಕಳಚುವುದು ದುಸ್ಸಾಧ್ಯ. ನಮ್ಮ ಕಷ್ಟವು ಅವರದಕ್ಕಿಂತ ಹೆಚ್ಚಿನದು.

ಓಲೆಯ ವಿಷಯದಲ್ಲಿ ಜೈನರ ಆಚಾರವೇ ಒಂದು ರಕ್ಷಣಶಾಸ್ತ್ರವಾಗಿದೆ. ಜ್ಯೇಷ್ಠ ಶುದ್ಧ ಪಂಚಮಿಯು ಶ್ರುತಪಂಚಮಿ. ಪುಷ್ಪದಂತ ಭೂತಬಲಿಗಳ ಷಟ್‌ಖಂಡಾಗಮವು ಪೂರ್ಣವಾಗಿ ಪೂಜೆಗೊಂಡ ದಿನವೆಂದು ಐತಿಹ್ಯ. ಅಂದು ಕಟ್ಟುಗಳನ್ನು ಬಿಚ್ಚಿ, ಧೂಳನ್ನು ಒರಸಿ, ಗಾಳಿಗೆ ಹಿಡಿದು, ಹಳೆಯ ವಸ್ತ್ರವನ್ನು ತೆಗೆದು ಹೊಸದನ್ನು ಸುತ್ತಿ ಅರ್ಚಿಸುವರು. ಮುಂಗಾರಿನ ತೇವವು ಬಲಿಯುವುದಕ್ಕೆ ಮುನ್ನ ಪ್ರತಿಯೊಂದು ಕಟ್ಟೂ ವರ್ಷಕ್ಕೊಮ್ಮೆ ಮನುಷ್ಯನ ಕಣ್ಣಿಗೆ ಬೀಳಲೇಬೇಕೆಂದು ಇದಕ್ಕಿಂತ ಚೆನ್ನಾಗಿ ಯಾರು ವಿಧಿಸಿಯಾರು? ಪ್ರತಿಮಾಡಿಸುವುದೂ ವ್ರತದ ಅಂಗವೇ. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದುದು ಪ್ರಸಿದ್ಧ. ಮೂಡಬಿದಿರೆಯ ಧವಲಾಪ್ರತಿಯ ಪ್ರಶಸ್ತಿಯಲ್ಲಿ ದೇಮಿಯಕ್ಕನ ಹೆಸರೂ, ಮಹಾಬಂಧದ ಪ್ರಶಸ್ತಿಯಲ್ಲಿ ಮಲ್ಲಿಕಬ್ಬೆಯ ಹೆಸರೂ ಉಳಿದಿರುವುವು. ಆ ಓಲೆಗಳ ಮೇಲೆ ಬಣ್ಣದ ಚಿತ್ರಗಳೂ ಇರುವುದರಿಂದ ಹೊಯ್ಸಳರ ಕಾಲದ ವರ್ಣಲೇಖನವನ್ನು ನಾವು ಇಂದು ಕಾಣಬಹುದಾಗಿದೆ. ಅಮರಾವತಿಯಿಂದ ಹೀರಾಲಾಲ ಜೈನರು 1939ರಲ್ಲಿ ಧವಲೆಯನ್ನು ಅಚ್ಚಿಸಲು ತೊಡಗುವವರೆಗೂ ಆ ಸಿದ್ಧಾಂತವು ಲೋಕಕ್ಕೆ ಉಳಿದುಬಂದುದು ಕನ್ನಡ ಲಿಪಿಯ ಓಲೆಗಳಿಂದ.

ಆಚಾರವು ತಪ್ಪಿದಲ್ಲಿ ಏನಾಗುವುದೆಂಬುದಕ್ಕೆ ನಾನೇ ಸಾಕ್ಷಿ. ಚನ್ನರಾಯಪಟ್ಟಣದ ಕಡೆಯ ಗ್ರಾಮವೊಂದರ ಮನೆಯಲ್ಲಿ ಅಡುಗೆಮನೆಯ ಅಟ್ಟದ ಮೇಲೆ ಮೂರು ತಲೆಮಾರಿನಿಂದ ಇದ್ದ ಓಲೆಕಟ್ಟುಗಳನ್ನು, ಹೊಗೆ ತಾಗಿ ಕೆಟ್ಟಾವೆಂದು, ನಾನೇ ಹೇಳಿ ಕಬ್ಬಿಣದ ಬೀರುವಿನಲ್ಲಿಡಿಸಿದೆನು. ನಾಲ್ಕು ಮಳೆಗಾಲಗಳು ಕಳೆದು ಮತ್ತೆ ಹೋಗಿ ನೋಡಲಾಗಿ, ಗರಿಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದುವು. ಅಟ್ಟದ ಹೊಗೆಯೇ ಅವನ್ನು ಹುಳುವಿನಿಂದಲೂ ತೇವದಿಂದಲೂ ಕಾಪಾಡಿಕೊಂಡು ಬಂದಿತ್ತು. ಬೀಗದ ಕೈ ಮನೆಯವರಲ್ಲಿತ್ತು. ಬಿಚ್ಚಿ ನೋಡುವ ವಾಡಿಕೆಯು ಅಟ್ಟದೊಡನೆಯೇ ಹೋಗಿತ್ತು.

ಮಠಗಳ ಓಲೆಗಳನ್ನೆಲ್ಲ ನಗರದ ಸಂಗ್ರಹಾಲಯಗಳಿಗೆ ಒಯ್ಯಬೇಕೆಂದು ಕೆಲವರೂ, ಒಂದು ಗರಿಯೂ ಹೊಸ್ತಿಲನ್ನು ದಾಟಬಾರದೆಂದು ಕೆಲವರೂ ವಾದಿಸುವರು. ಬೆಳ್ಗೊಳದಲ್ಲಿಯೇ ಪ್ರಾಕೃತ ಅಧ್ಯಯನ ಸಂಸ್ಥೆಯು ಏರ್ಪಟ್ಟಿರುವುದರಿಂದ ಅಲ್ಲಿಯ ಮಟ್ಟಿಗೆ ಈ ವಾದಕ್ಕೆ ಬಲ ಕಡಮೆ. ನನಗೆ ತೋರುವುದಿಷ್ಟು: ಎಲ್ಲಿಯೇ ಇರಲಿ, ಮೊದಲು ಸೂಚಿಯಾಗಬೇಕು. ಕೆ. ಭುಜಬಲಿ ಶಾಸ್ತ್ರಿಗಳು ಕನ್ನಡ ಪ್ರಾಂತದ ತಾಡಪತ್ರಗಳ ಸೂಚಿಯನ್ನು ಸಿದ್ಧಪಡಿಸಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಗುವಂತೆ ಮಾಡಿದರು. ಅದೇ ರೀತಿಯಲ್ಲಿ ಮಠದ ಗೋಡೆಗೂ ಒಂದು ಸೂಚಿಯು ಬೇಕು: ಪ್ರತಿಯೊಂದು ಫಲಕದ ಅಳತೆ, ಅದಕ್ಕೆ ಆಧಾರವಾದ ಗ್ರಂಥಭಾಗ, ಈಗಣ ಬಣ್ಣ, ಬಿರುಕು, ಹಿಂದೆ ತಿದ್ದಿದ ಗುರುತು. ಲೇಶ್ಯಾವೃಕ್ಷದಿಂದ ಆರಂಭಿಸಬಹುದು. ಅಲ್ಲಿ ಆರು ಬಣ್ಣಗಳಿಗೂ ಗ್ರಂಥದ ಪ್ರಮಾಣವು ಸಿದ್ಧವಾಗಿಯೇ ಇದೆ.