ಮೂಳೆ ತುಂಬುವ ಪುಡಿ ಹುಟ್ಟಿದ ಬಗೆ

ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಖನಿಜ. ಅದು ಕ್ಯಾಲ್ಸಿಯಂ ಫಾಸ್ಫೇಟ್ ಎಂಬುದನ್ನು 1770ರ ಸುಮಾರಿಗೆ ಸ್ವೀಡನ್ನಿನ ಗಾನ್ ಮತ್ತು ಶೀಲೆ ಕಂಡುಕೊಂಡರು. ಅಪಘಾತದಲ್ಲಿಯೋ ಗಡ್ಡೆ ತೆಗೆದಾಗಲೋ ಮೂಳೆಯಲ್ಲಿ ಉಂಟಾಗುವ ಪೊಳ್ಳನ್ನು ಅದೇ ವಸ್ತುವಿನಿಂದ ತುಂಬುವ ಪ್ರಯತ್ನ ಬಹಳ ತಡವಾಗಿ ಶುರುವಾಯಿತು. 1920ರಲ್ಲಿ ಅಮೆರಿಕದ ಶಸ್ತ್ರವೈದ್ಯ ಫ್ರೆಡ್ ಆಲ್ಬಿ ಮೊಲಗಳ ಮೂಳೆಗೆ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಸೇರಿಸಿ, ಮೂಳೆ ಬೇಗ ಕೂಡುವುದನ್ನು ವರದಿ ಮಾಡಿದರು. ಮೂಳೆಯ ಖನಿಜದ ಹರಳುಗಳು ಅಪಟೈಟ್ ಎಂಬ ಶಿಲಾಖನಿಜವನ್ನು ಹೋಲುತ್ತವೆಂದು 1926ರಲ್ಲಿ ಡಿ ಯಾಂಗ್ ಕ್ಷ-ಕಿರಣಗಳಿಂದ ತೋರಿಸಿದರು.

ಆಮೇಲಿನ ಕೆಲಸವೆಲ್ಲ ಒಂದು ಅನುಪಾತದ ಸುತ್ತ ನಡೆಯಿತು. ಅಪಟೈಟ್‌ನ ಒಂದು ಬಗೆಯಾದ ಹೈಡ್ರಾಕ್ಸಿಅಪಟೈಟ್‌ನಲ್ಲಿ ಫಾಸ್ಫರಸ್‌ನ ಪ್ರತಿ ಪರಮಾಣುವಿಗೆ ಕ್ಯಾಲ್ಸಿಯಂ ಪರಮಾಣುಗಳು 1.67, ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ 1.5. ಮೊದಲನೆಯದು ದೇಹದಲ್ಲಿ ಬಹುಕಾಲ ಉಳಿಯುತ್ತದೆ. ಎರಡನೆಯದು ಬೇಗ ಕರಗಿ, ಹೊಸ ಮೂಳೆಗೆ ಜಾಗ ಬಿಡುತ್ತದೆ. ಎರಡನ್ನೂ ಬೆರೆಸಿದರೆ ಕರಗುವ ವೇಗವನ್ನು ಬೇಕಾದಂತೆ ಹೊಂದಿಸಬಹುದು.

ಈ ಪುಡಿಗಳನ್ನು ತಯಾರಿಸಲು ಹೆಚ್ಚು ಬಳಕೆಯಲ್ಲಿರುವುದು ದ್ರಾವಣದ ವಿಧಾನ. ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣಕ್ಕೆ ಡೈಅಮೋನಿಯಂ ಫಾಸ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ, ಅಮೋನಿಯಾ ಹಾಕಿ ಪಿಎಚ್ 10ರ ಆಸುಪಾಸಿನಲ್ಲಿ ಇರಿಸಿದರೆ ಬಿಳಿ ಗಸಿ ತಳಕ್ಕಿಳಿಯುತ್ತದೆ. ಅದನ್ನು ಕೆಲಕಾಲ ಹಾಗೇ ಬಿಟ್ಟು, ಸೋಸಿ, ತೊಳೆದು, ಒಣಗಿಸಿ ಕಾಯಿಸುತ್ತಾರೆ. ಪಿಎಚ್ ಇಳಿದರೆ ಕ್ಯಾಲ್ಸಿಯಂ ಕೊರತೆಯ ಪುಡಿ ಸಿಗುತ್ತದೆ, ಅನುಪಾತ 1.5ಕ್ಕೆ ಇಳಿದಿದ್ದರೆ ಅದು ಕುಲುಮೆಯಲ್ಲಿ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಮಾರ್ಪಡುತ್ತದೆ.

ಇನ್ನೊಂದು ದಾರಿ ಸುಣ್ಣದ ನೀರಿಗೆ ಫಾಸ್ಫಾರಿಕ್ ಆಮ್ಲ ಬೆರೆಸುವುದು. ಇಲ್ಲಿ ಪುಡಿಯ ಜೊತೆ ಹುಟ್ಟುವುದು ನೀರು ಮಾತ್ರ. ಸುಣ್ಣಕ್ಕೆ ಬೇಕಾದ ಸುಣ್ಣಕಲ್ಲು ಹೇರಳವಾಗಿದೆ. ಆದರೆ ನೆಲದ ಕಲ್ಲಿನಲ್ಲಿ ಸಿಲಿಕಾ, ಕಬ್ಬಿಣ ಮೊದಲಾದ ಬೆರಕೆಗಳಿರುವುದರಿಂದ ಅದನ್ನು ಸುಟ್ಟು ನೇರವಾಗಿ ಬಳಸಲಾಗದು. ಹೊಲಕ್ಕೆ ಹಾಕುವ ಡಿಎಪಿಯೂ ರಾಸಾಯನಿಕವಾಗಿ ಡೈಅಮೋನಿಯಂ ಫಾಸ್ಫೇಟೇ; ಆದರೂ ಶುದ್ಧತೆಯ ಕಾರಣಕ್ಕೆ ಗೊಬ್ಬರದ ಚೀಲದ್ದು ಮೊದಲ ವಿಧಾನಕ್ಕೆ ಒದಗುವುದಿಲ್ಲ.

ಮೂರನೆಯ ದಾರಿಯ ಬೇರು ಬೆಂಗಳೂರಿನಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಜೆ. ಕಿಂಗ್ಸ್‌ಲೀ ಮತ್ತು ಕೆ. ಸಿ. ಪಾಟೀಲ ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾದ ದ್ರಾವಣವನ್ನು 500 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಗೆ ಇಟ್ಟರು. ಅದು ಕುದಿದು, ಉಬ್ಬಿ, ತಾನೇ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ನುಣುಪಾದ ಅಲ್ಯೂಮಿನಾ ಪುಡಿಯಾಯಿತು. ಇದರ ವರದಿ ಪ್ರಕಟವಾದದ್ದು 1988ರಲ್ಲಿ. ನೈಟ್ರೇಟ್ ಆಮ್ಲಜನಕ ಒದಗಿಸುತ್ತದೆ, ಯೂರಿಯಾ ಇಂಧನವಾಗುತ್ತದೆ. ಹೊರಬೀಳುವ ಅನಿಲಗಳು ಪುಡಿಯನ್ನು ಗಟ್ಟಿಯಾಗಲು ಬಿಡದೆ ಹಗುರವಾಗಿಸುತ್ತವೆ. 2000ದಲ್ಲಿ ಟರ್ಕಿಯ ಜುನೇಯ್ಟ್ ತಾಷ್ ಇದೇ ಬಗೆಯ ದಹನದಿಂದ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿ ತಯಾರಿಸಿದ್ದನ್ನು ಪ್ರಕಟಿಸಿದರು.

ಯಾವ ದಾರಿಯಲ್ಲಿ ಬಂದರೂ ಪುಡಿಗೆ ಕೊನೆಯ ಪರೀಕ್ಷೆ ಒಂದೇ. ಕ್ಷ-ಕಿರಣ ವಿವರ್ತನೆಯಿಂದ ಹರಳಿನ ಜಾತಿಯನ್ನು, ರಾಸಾಯನಿಕ ವಿಶ್ಲೇಷಣೆಯಿಂದ ಸೀಸ, ಆರ್ಸೆನಿಕ್‌ನಂಥ ವಿಷಧಾತುಗಳನ್ನು ನೋಡುತ್ತಾರೆ. ಆಮೇಲೆ ರಂಧ್ರಗಳುಳ್ಳ ಕಣ ಅಥವಾ ಬಿಲ್ಲೆಯಾಗಿ ರೂಪಿಸಿ, ಸಾವಿರ ಡಿಗ್ರಿ ಮೀರಿದ ಶಾಖದಲ್ಲಿ ಸುಟ್ಟು ಗಟ್ಟಿ ಮಾಡುತ್ತಾರೆ. ಹೊಸ ಮೂಳೆಯೂ ರಕ್ತನಾಳಗಳೂ ಆ ರಂಧ್ರಗಳ ಮೂಲಕವೇ ಒಳಹೊಗುತ್ತವೆ. ಹೀಗೆ ಸುಟ್ಟ ವಸ್ತು ಪೆಡಸು. ಆದ್ದರಿಂದ ಭಾರ ಹೊರುವ ತೊಡೆಮೂಳೆಯಂಥ ಕಡೆ ಲೋಹದ ಆಸರೆಯಿಲ್ಲದೆ ಇದನ್ನು ಬಳಸುವುದಿಲ್ಲ.